ಗೋಡೆ ಮೇಲಿನ ಕ್ಯಾಲೆಂಡರ್ ನೋಡ್ಕೊಂಡು ಆಕಾಶದಲ್ಲಿ ನಕ್ಷತ್ರ ಹುಡುಕೋದು

ಆಕಾಶ ನೋಡೋ ಆಸೆ ಹುಟ್ಟಿದವರು ಮೊದಲು ಕೇಳೋದೇ ಯಾವ ಟೆಲಿಸ್ಕೋಪ್ ತಗೊಳ್ಲಿ ಅಂತ. ನನ್ನ ಕೇಳಿದ್ರೆ ಸದ್ಯಕ್ಕೆ ಯಾವ್ದೂ ಬೇಡ. ಟೆಲಿಸ್ಕೋಪ್ ಇದ್ರೂ ಅದನ್ನ ಯಾವ ಕಡೆ ತಿರುಗಿಸ್ಬೇಕು ಅಂತ ಗೊತ್ತಿರ್ಬೇಕಲ್ವಾ, ಅದನ್ನ ಕಲಿಯೋಕೆ ಬೇಕಾದ ಸಾಮಾನು ಈಗಾಗ್ಲೇ ನಿಮ್ಮನೆ ಗೋಡೆ ಮೇಲೆ ಮೊಳೆಗೆ ನೇತಾಡ್ತಿದೆ. ಪ್ರತಿ ತಾರೀಕಿನ ಕೆಳಗೆ ಸಣ್ಣಕ್ಷರದಲ್ಲಿ ತಿಥಿ, ನಕ್ಷತ್ರ, ರಾಹುಕಾಲ ಅಂತೆಲ್ಲಾ ಒತ್ತಿರ್ತಾರಲ್ಲ, ಆ ಕ್ಯಾಲೆಂಡರು. ಅದರಲ್ಲಿ ರಾಹುಕಾಲ ಬಿಟ್ಟಾಕಿ, ತಿಥಿ ಮತ್ತೆ ನಕ್ಷತ್ರ ಎರಡೇ ಸಾಕು. ಹೆಣ್ಣು-ಗಂಡು ಜಾತಕ ಕೂಡಿಸೋಕೆ ಮಾತ್ರ ನೋಡೋ ಈ ಕಾಲಂ ಮೂಲದಲ್ಲಿ ಶುದ್ಧ ಆಕಾಶದ ಲೆಕ್ಕ, ಇವತ್ತು ಚಂದ್ರ ಆಕಾಶದಲ್ಲಿ ಎಲ್ಲಿದಾನೆ ಅಂತ ಹೇಳೋದು ಬಿಟ್ರೆ ಅದಕ್ಕೆ ಬೇರೆ ಅರ್ಥನೇ ಇಲ್ಲ.

ಲೆಕ್ಕ ಹೀಗೆ. ಚಂದ್ರ ಒಂದು ನಕ್ಷತ್ರದ ಪಕ್ಕದಿಂದ ಹೊರಟು ಪೂರ್ತಿ ಒಂದು ಸುತ್ತು ಹಾಕಿ ವಾಪಸ್ ಅದೇ ನಕ್ಷತ್ರದ ಹತ್ರ ಬರೋಕೆ 27.3 ದಿನ ಬೇಕು. ಹಾಗಾಗಿ ಅವನು ಓಡಾಡೋ ದಾರಿನ 27 ಸಮಭಾಗ ಮಾಡಿ ಒಂದೊಂದಕ್ಕೂ ಅಲ್ಲಿರೋ ಒಂದು ನಕ್ಷತ್ರದ ಹೆಸರು ಇಟ್ರು, ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ ಅಂತ ರೇವತಿವರೆಗೆ. ಒಂದು ಭಾಗ ಅಂದ್ರೆ 360ನ್ನ 27ರಿಂದ ಭಾಗಿಸಿದ್ರೆ ಬರೋ 13 ಡಿಗ್ರಿ ಚಿಲ್ಲರೆ. ಚಂದ್ರ ದಿನಕ್ಕೆ ಸರಾಸರಿ ಅಷ್ಟೇ ನಡೀತಾನೆ. ಕ್ಯಾಲೆಂಡರಲ್ಲಿ ಇವತ್ತು ರೋಹಿಣಿ ಅಂತ ಇದ್ರೆ ಚಂದ್ರ ರೋಹಿಣಿಯ ಭಾಗದಲ್ಲಿದಾನೆ, ಹೆಸರಿನ ಪಕ್ಕ ಇರೋ ಟೈಮು ಆ ಭಾಗದಿಂದ ಆಚೆ ಹೋಗೋ ಹೊತ್ತು. ಅಷ್ಟೇ.

ಡಿಗ್ರಿ ಅಂದ ತಕ್ಷಣ ಗಾಬರಿ ಬೇಡ, ಅಳೆಯೋಕೆ ಕೈ ಸಾಕು. ತೋಳು ಪೂರ್ತಿ ಮುಂದೆ ಚಾಚಿ ಮುಷ್ಟಿ ಹಿಡಿದ್ರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ನಡುವಿನ ಮೂರು ಬೆರಳು ಜೋಡಿಸಿದ್ರೆ 5, ಕಿರುಬೆರಳು ಒಂದೇ ಆದ್ರೆ 1, ಗೇಣು ಹಾಕಿದ್ರೆ 20ರ ಮೇಲೆ. ಮಕ್ಕಳ ಕೈಯಲ್ಲೂ ಹೆಚ್ಚುಕಮ್ಮಿ ಇದೇ ಲೆಕ್ಕ ಬರತ್ತೆ, ಯಾಕಂದ್ರೆ ಮುಷ್ಟಿ ಚಿಕ್ಕದಾದ್ರೆ ತೋಳೂ ಗಿಡ್ಡ ಇರತ್ತೆ. ಹುಣ್ಣಿಮೆ ದಿನ ಹುಟ್ಟೋ ಚಂದ್ರ ದೊಡ್ಡ ತಟ್ಟೆ ತರ ಕಾಣತ್ತಲ್ಲ, ಆಗ ಕಿರುಬೆರಳು ಅಡ್ಡ ಹಿಡಿದು ನೋಡಿ, ಪೂರ್ತಿ ಮುಚ್ಚಿ ಹೋಗ್ತಾನೆ, ಮಧ್ಯರಾತ್ರಿ ನೆತ್ತಿ ಮೇಲೆ ಬಂದಾಗ್ಲೂ ಅಷ್ಟೇ. ಅವನ ಅಗಲ ಯಾವಾಗ್ಲೂ ಅರ್ಧ ಡಿಗ್ರಿ ಆಸುಪಾಸು, ದಿಗಂತದಲ್ಲಿ ದೊಡ್ಡದಾಗಿ ಕಾಣೋದು ನಮ್ಮ ಮಿದುಳಿನ ಆಟ.

ಈಗ ಶುರು ಮಾಡೋಕೆ ಒಳ್ಳೆ ದಿನ ಅಂದ್ರೆ ನವೆಂಬರಿಂದ ಮಾರ್ಚ್ ಒಳಗೆ ಬರೋ ಯಾವ್ದಾದ್ರೂ ರೋಹಿಣಿ ದಿನ. ಸಂಜೆ ಟೆರೇಸ್ ಮೇಲೆ ಹೋಗಿ ಚಂದ್ರನನ್ನ ನೋಡಿ, ಅವನಿಂದ ಒಂದು ಮುಷ್ಟಿ ಆಸುಪಾಸಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿರೋ ಒಂದು ಪ್ರಕಾಶಮಾನ ನಕ್ಷತ್ರ ಇರತ್ತೆ. ಅದೇ ರೋಹಿಣಿ, ಇಂಗ್ಲಿಷಲ್ಲಿ ಆಲ್ಡೆಬರಾನ್. ಚಂದ್ರನ ಬೆಳಕು ಜಾಸ್ತಿ ಅನ್ಸಿದ್ರೆ ಅವನನ್ನ ವಾಟರ್ ಟ್ಯಾಂಕಿನ ಹಿಂದೆ ಮರೆ ಮಾಡ್ಕೊಂಡು ನಿಂತ್ಕೊಳ್ಳಿ, ಸುತ್ತಲಿನ ನಕ್ಷತ್ರ ಎದ್ದು ಕಾಣತ್ತೆ. ರೋಹಿಣಿ ಸಿಕ್ತಾ, ಅಲ್ಲಿಂದ ಪಶ್ಚಿಮಕ್ಕೆ ಒಂದು ಮುಷ್ಟಿ ಮೇಲೆ ಸ್ವಲ್ಪ ಹೋದ್ರೆ ಕೃತ್ತಿಕೆಯ ಗೊಂಚಲು, ಹೆಚ್ಚಿನವರಿಗೆ ಆರು ನಕ್ಷತ್ರ ಕಾಣತ್ತೆ. ಪೂರ್ವಕ್ಕೆ ಹೋದ್ರೆ ಸಾಲಾಗಿ ಮೂರು ನಕ್ಷತ್ರದ ಸೊಂಟಪಟ್ಟಿ ಕಟ್ಟಿರೋ ಮಹಾವ್ಯಾಧ, ಅಂದ್ರೆ ಒರಾಯನ್. ಮಾರನೇ ದಿನ ಅದೇ ಹೊತ್ತಿಗೆ ಬಂದು ನೋಡಿದ್ರೆ ಚಂದ್ರ ರೋಹಿಣಿನ ಬಿಟ್ಟು ಒಂದು ಮುಷ್ಟಿ ಮತ್ತೊಂದಿಷ್ಟು ಪೂರ್ವಕ್ಕೆ ಸರಿದಿರ್ತಾನೆ, ಕ್ಯಾಲೆಂಡರಲ್ಲಿ ಮೃಗಶಿರಾ ಬಂದಿರತ್ತೆ. ಅಷ್ಟೊಂದು ಪುರುಸೊತ್ತಿಲ್ಲ ಅಂದ್ರೆ ಅವತ್ತೇ ಒಂದೆರಡು ಗಂಟೆ ಬಿಟ್ಟು ನೋಡಿ, ಚಂದ್ರ ಗಂಟೆಗೆ ತನ್ನ ಅಗಲದಷ್ಟು ಜರುಗ್ತಾನೆ, ರೋಹಿಣಿಗೂ ಅವನಿಗೂ ಇದ್ದ ಅಂತರ ಕಣ್ಣಿಗೆ ಗೊತ್ತಾಗೋಷ್ಟು ಬದಲಾಗಿರತ್ತೆ.

ಆದ್ರೆ 27ಕ್ಕೂ ಈ ಉಪಾಯ ನಡೆಯಲ್ಲ. ಭಾಗಗಳೇನೋ ಸಮ, ನಕ್ಷತ್ರಗಳು ಆಕಾಶದಲ್ಲಿ ಸ್ಕೇಲ್ ಹಿಡಿದು ಜೋಡಿಸಿದ ಹಾಗೆ ಇಲ್ವಲ್ಲ. ನಂಬಿ ಹೋಗ್ಬೋದಾದವು ಅಂದ್ರೆ ಕೃತ್ತಿಕಾ, ರೋಹಿಣಿ, ಪುನರ್ವಸು, ಮಘಾ, ಚಿತ್ತಾ, ಜ್ಯೇಷ್ಠಾ. ಇದರಲ್ಲಿ ಚಿತ್ತಾ ಅಂತೂ ತನ್ನ ಭಾಗದ ಸರಿಯಾಗಿ ನಡುಮಧ್ಯ ಇದೆ, ಕಾರಣ ನಮ್ಮ ಬಹಳಷ್ಟು ಪಂಚಾಂಗಗಳು ಲೆಕ್ಕದ ಗೂಟ ಹೊಡೆದಿರೋದೇ ಆ ನಕ್ಷತ್ರಕ್ಕೆ. ಜ್ಯೇಷ್ಠಾ ಸ್ವಲ್ಪ ತರಲೆ, ಕೆಂಪಗಿರೋ ಆ ನಕ್ಷತ್ರ ತನ್ನ ಭಾಗದ ಗಡಿಯಲ್ಲೇ ಕೂತಿದೆ, ಹಾಗಾಗಿ ಅನೂರಾಧಾ ಮುಗಿದು ಜ್ಯೇಷ್ಠಾ ಶುರುವಾಗೋ ಹೊತ್ತಿಗೆ ಚಂದ್ರ ಅದಕ್ಕೆ ಅತಿ ಹತ್ತಿರ. ಸ್ವಾತಿ, ಶ್ರವಣ ಇವೆರಡೂ ಭಾರಿ ಹೊಳಪಿನ ನಕ್ಷತ್ರಗಳೇ, ಆದ್ರೆ ಚಂದ್ರನ ದಾರಿಯಿಂದ ಮೂರು ಮುಷ್ಟಿಯಷ್ಟು ಉತ್ತರಕ್ಕಿವೆ, ಸ್ವಾತಿ ದಿನ ಚಂದ್ರನ ಪಕ್ಕ ಸ್ವಾತಿ ಹುಡುಕಿದ್ರೆ ಸಿಗಲ್ಲ.

ಚಂದ್ರನ ದಾರಿ ಸೂರ್ಯನ ದಾರಿಗೆ 5 ಡಿಗ್ರಿ ಓರೆಯಾಗಿದೆ, ಹಾಗಾಗಿ ಪ್ರತಿ ತಿಂಗಳೂ ರೋಹಿಣಿಯಿಂದ ಅಷ್ಟೇ ದೂರದಲ್ಲಿ ಹಾದು ಹೋಗ್ತಾನೆ ಅಂತಿಲ್ಲ. ಈ ಎರಡು ದಾರಿ ಒಂದನ್ನೊಂದು ಕತ್ತರಿಸೋ ಎರಡು ಜಾಗನೇ ರಾಹು, ಕೇತು, ಅಲ್ಲಿ ಕಣ್ಣಿಗೆ ಕಾಣೋ ವಸ್ತು ಏನೂ ಇಲ್ಲ. ಆ ಜಾಗಗಳೂ ನಿಧಾನಕ್ಕೆ ಹಿಂದೆ ಸರೀತಾ ಹೋಗಿ 18.6 ವರ್ಷಕ್ಕೆ ಒಂದು ಸುತ್ತು ಮುಗಿಸ್ತವೆ. ಅದಕ್ಕೇ 2015ರಿಂದ 2018ರವರೆಗೆ ಪ್ರತಿ ಸುತ್ತಿನಲ್ಲೂ ಭೂಮಿ ಮೇಲೆ ಎಲ್ಲೋ ಒಂದು ಕಡೆ ನಿಂತವರಿಗೆ ಚಂದ್ರ ರೋಹಿಣಿನ ಪೂರ್ತಿ ಮುಚ್ಚಿ ಹಾಯ್ತಿದ್ದ, ಆಮೇಲೆ ಆ ಸರಣಿ ನಿಂತೋಯ್ತು. ದಕ್ಷನ 27 ಮಕ್ಕಳನ್ನ ಮದುವೆಯಾಗಿ ರೋಹಿಣಿ ಮನೇಲೇ ಕೂತ ಅನ್ನೋ ಕಥೆ ಕಟ್ಟಿದವರು ಇದನ್ನೇ ನೋಡಿ ಕಟ್ಟಿರ್ಬೋದು ಅಂತ ನನಗೊಂದು ಅನುಮಾನ, ಪುರಾವೆ ಕೇಳ್ಬೇಡಿ.

ಇನ್ನು ತಿಥಿ. ಇದು ಸೂರ್ಯನಿಗೂ ಚಂದ್ರನಿಗೂ ಇರೋ ಅಂತರ, ಒಂದು ತಿಥಿಗೆ 12 ಡಿಗ್ರಿ. ಇದರಿಂದ ಚಂದ್ರ ಎಷ್ಟು ಹೊತ್ತಿಗೆ ಎಲ್ಲಿರ್ತಾನೆ ಅಂತ ಬಾಯಲ್ಲೇ ಲೆಕ್ಕ ಹಾಕ್ಬೋದು. ಆಕಾಶ ಗಂಟೆಗೆ 15 ಡಿಗ್ರಿ ತಿರುಗತ್ತೆ, ಅಂದ್ರೆ 12 ಡಿಗ್ರಿಗೆ 48 ನಿಮಿಷ. ಶುಕ್ಲ ಪಂಚಮಿ ಅಂದ್ರೆ ಐದು ನಲವತ್ತೆಂಟ್ಲ 240 ನಿಮಿಷ, ಸೂರ್ಯ ಮುಳುಗಿ ನಾಲ್ಕು ಗಂಟೆ ಆದ್ಮೇಲೆ ಚಂದ್ರನೂ ಮುಳುಗ್ತಾನೆ, ಆಮೇಲೆ ಕತ್ತಲೆ ನಿಮ್ದು. ಅಷ್ಟಮಿ ಆದ್ರೆ ಸಂಜೆ ದೀಪ ಹಚ್ಚೋ ಹೊತ್ತಿಗೆ ಅವನು ಹೆಚ್ಚುಕಮ್ಮಿ ನೆತ್ತಿ ಸುತ್ತಮುತ್ತ ಇರ್ತಾನೆ. ಹುಣ್ಣಿಮೆಗೆ ಸೂರ್ಯ ಅಲ್ಲಿ ಮುಳುಗಿದ್ರೆ ಚಂದ್ರ ಇಲ್ಲಿ ಹುಟ್ತಾನೆ. ಹುಣ್ಣಿಮೆ ಕಳೆದ ನಾಲ್ಕನೇ ತಿಥಿ ಸಂಕಷ್ಟಿ, ಅವತ್ತು ಉಪವಾಸ ಇದ್ದವರು ಚಂದ್ರ ಕಂಡ್ಮೇಲೇ ಊಟ ಅಂತ ಟೆರೇಸ್ ಮೇಲೆ ಕಾಯ್ತಾರಲ್ಲ, ಪೇಪರಲ್ಲಿ ಚಂದ್ರೋದಯ ಟೈಮ್ ಬೇರೆ ಹಾಕಿರ್ತಾರೆ, ಅದು ರಾತ್ರಿ 8ರಿಂದ 10ರ ನಡುವೆ ಯಾಕೆ ಬೀಳತ್ತೆ ಅನ್ನೋದಕ್ಕೂ ಇದೇ ಲೆಕ್ಕ. ಲೆಕ್ಕಕ್ಕಿಂತ ಅರ್ಧ ಮುಕ್ಕಾಲು ಗಂಟೆ ಆಚೀಚೆ ಆಗತ್ತೆ, ಯಾಕಂದ್ರೆ ಕ್ಯಾಲೆಂಡರಲ್ಲಿ ಒತ್ತಿರೋದು ಸಾಮಾನ್ಯವಾಗಿ ಬೆಳಿಗ್ಗೆ ಸೂರ್ಯ ಹುಟ್ಟೋ ಹೊತ್ತಿನ ತಿಥಿ, ರಾತ್ರಿಗೆ ಅದು ಮುಂದಕ್ಕೆ ಹೋಗಿರತ್ತೆ, ಜೊತೆಗೆ ಚಂದ್ರನ ದಾರಿ ದಿಗಂತಕ್ಕೆ ಓರೆಯಾಗೋದೂ ತಿಂಗಳಿಂದ ತಿಂಗಳಿಗೆ ಬದಲಾಗತ್ತೆ.

ತಿಂಗಳ ಹೆಸರುಗಳೂ ಇದೇ ಲೆಕ್ಕದಿಂದ ಬಂದಿದ್ದು. ಹುಣ್ಣಿಮೆ ಚಂದ್ರ ಚಿತ್ತಾ ಹತ್ರ ಇದ್ರೆ ಅದು ಚೈತ್ರ, ಕೃತ್ತಿಕಾ ಹತ್ರ ಇದ್ರೆ ಕಾರ್ತಿಕ, ಮಘಾ ಹತ್ರ ಇದ್ರೆ ಮಾಘ. ದವನದ ಹುಣ್ಣಿಮೆ, ಅಂದ್ರೆ ಚೈತ್ರದ ಹುಣ್ಣಿಮೆ ರಾತ್ರಿ ಚಂದ್ರನ ಆಸುಪಾಸು ಒಂಟಿಯಾಗಿ ಬೆಳ್ಳಗೆ ಹೊಳೀತಿರೋದು ಚಿತ್ತಾ. ಭಾರತ ಹುಣ್ಣಿಮೆಗೆ, ಅಂದ್ರೆ ಮಾಘದ ಹುಣ್ಣಿಮೆಗೆ, ಸವದತ್ತಿ ಗುಡ್ಡಕ್ಕೆ ಹೋದವರು ತಲೆ ಎತ್ತಿ ನೋಡಿದ್ರೆ ಚಂದ್ರನ ಅಕ್ಕಪಕ್ಕದಲ್ಲೇ ಮಘಾ ಸಿಗತ್ತೆ. ಹುಣ್ಣಿಮೆ ಬೆಳಕಲ್ಲಿ ಸಣ್ಣ ನಕ್ಷತ್ರ ಎಲ್ಲಾ ಮಾಯ ಆಗಿರ್ತವೆ, ಹಾಗಾಗಿ ಹೊಸಬರಿಗೆ ಅದು ಒಂಥರಾ ಅನುಕೂಲನೇ, ಉಳಿದಿರೋ ನಾಲ್ಕೈದರಲ್ಲಿ ಗೊಂದಲ ಕಮ್ಮಿ.

ಮಳೆ ನಕ್ಷತ್ರದ ವಿಷಯದಲ್ಲಿ ಮಾತ್ರ ತುಂಬಾ ಜನ ಎಡವ್ತಾರೆ. ರೋಹಿಣಿ ಮಳೆ, ಮೃಗಶಿರಾ ಮಳೆ, ಆರಿದ್ರಾ ಮಳೆ ಅಂತೀವಲ್ಲ, ಅದು ಚಂದ್ರಂದಲ್ಲ, ಸೂರ್ಯಂದು. ಸೂರ್ಯ ವರ್ಷಕ್ಕೊಂದು ಸುತ್ತು, ಹಾಗಾಗಿ ಒಂದೊಂದು ನಕ್ಷತ್ರದಲ್ಲೂ 13-14 ದಿನ ಇರ್ತಾನೆ. ಮೇ 24-25ರ ಸುಮಾರಿಗೆ ರೋಹಿಣಿ ಹಿಡೀತು ಅಂದ್ರೆ ಸೂರ್ಯ ರೋಹಿಣಿ ಪಕ್ಕ ಬಂದ ಅಂತ, ಜೂನ್ 21-22ಕ್ಕೆ ಆರಿದ್ರಾ. ರೋಹಿಣಿ ಮಳೆಗೆ ಓಣಿ ತುಂಬಾ ಜೋಳ ಅಂತ ಗಾದೆ ಹೇಳೋ ಆ ಹದಿನೈದು ದಿನದಲ್ಲಿ ಆಕಾಶದಲ್ಲಿ ರೋಹಿಣಿ ನಕ್ಷತ್ರ ಕಾಣೋಕೆ ಸಾಧ್ಯನೇ ಇಲ್ಲ, ಮೋಡ ಇಲ್ದೇ ಇದ್ರೂ ಕಾಣಲ್ಲ, ಅದು ಸೂರ್ಯನ ಜೊತೆ ಹಗಲಲ್ಲಿ ಹುಟ್ಟಿ ಹಗಲಲ್ಲೇ ಮುಳುಗ್ತಿರತ್ತೆ. ಆರು ತಿಂಗಳು ಬಿಟ್ಟು ಡಿಸೆಂಬರಲ್ಲಿ ಬಂದ್ರೆ ಇಡೀ ರಾತ್ರಿ ಮೇಲಿರತ್ತೆ. ಯಾವ್ದೇ ನಕ್ಷತ್ರ ದಿನಾ 4 ನಿಮಿಷ ಮುಂಚೆ ಹುಟ್ಟತ್ತೆ, ತಿಂಗಳಿಗೆ 2 ಗಂಟೆ. ಅಂದ್ರೆ ಈ ತಿಂಗಳು ರಾತ್ರಿ 10ಕ್ಕೆ ಕಂಡ ಆಕಾಶನೇ ಮುಂದಿನ ತಿಂಗಳು 8ಕ್ಕೆ ಕಾಣತ್ತೆ, ಇದೊಂದು ತಲೇಲಿ ಕೂತ್ರೆ ಚಾರ್ಟ್ ನೋಡೋ ಕೆಲಸ ಅರ್ಧ ಕಮ್ಮಿ.

ಗ್ರಹಗಳಿಗೆ ಬರೋಣ. ಅವೂ ಇದೇ ದಾರೀಲಿ, ಸೂರ್ಯ ಚಂದ್ರರ ದಾರಿಯಿಂದ ಕೆಲವೇ ಡಿಗ್ರಿ ಆಚೀಚೆ ಓಡಾಡೋದು, ಸಪ್ತರ್ಷಿಗಳ ನಡುವೆ ಗ್ರಹ ಯಾವತ್ತೂ ಕಾಣಲ್ಲ. ಹಾಗಾಗಿ ಈ ದಾರಿಯಲ್ಲಿರೋ ನಾಲ್ಕೈದು ದೊಡ್ಡ ನಕ್ಷತ್ರಗಳ ಪರಿಚಯ ಆದ್ಮೇಲೆ ಅಲ್ಲಿ ಲೆಕ್ಕಕ್ಕೆ ಬರದೇ ಇರೋದು ಏನಾದ್ರೂ ಹೊಳೀತಿದ್ರೆ ಅದು ಗ್ರಹ ಅಂತ ಧೈರ್ಯವಾಗಿ ಹೇಳ್ಬೋದು. ಯಾವ್ದು ಅಂತ ಬೇಕಾ, ಮನೇಲಿ ಜಾತಕ ನೋಡೋರು ಯಾರಾದ್ರೂ ಇದ್ರೆ ಕೇಳಿ. ನಾನು ತಮಾಷೆಗೆ ಹೇಳ್ತಿಲ್ಲ. ಶನಿ ಒಂದು ಸುತ್ತಿಗೆ 29 ವರ್ಷದ ಮೇಲೆ ತಗೊಳತ್ತೆ, ಅಂದ್ರೆ ರಾಶಿಗೆ ಸುಮಾರು ಎರಡೂವರೆ ವರ್ಷ, ಮೂರು ರಾಶಿಗೆ ಏಳೂವರೆ, ಅದೇ ಎಲ್ಲರೂ ಹೆದರೋ ಸಾಡೇಸಾತಿ. ಫಲಾಫಲ ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು, ನನಗಂತೂ ನಂಬಿಕೆ ಇಲ್ಲ, ಆದ್ರೆ ಶನಿ ಇರೋ ಜಾಗ ಮಾತ್ರ ಸರಿಯಾಗೇ ಹೇಳಿರ್ತಾರೆ. 2025ರ ಮಾರ್ಚ್ ಕೊನೆಗೆ ಶನಿ ಮೀನಕ್ಕೆ ಬಂತು ಅಂತ ಎಲ್ಲಾ ಚಾನೆಲಲ್ಲೂ ಬಂತಲ್ಲ. ಮೀನ ರಾಶಿಯಲ್ಲಿ ಸ್ವಂತದ್ದು ಅಂತ ಒಂದೂ ಪ್ರಕಾಶಮಾನ ನಕ್ಷತ್ರ ಇಲ್ಲ, ಆ ಖಾಲಿ ಜಾಗದಲ್ಲಿ ಸ್ವಲ್ಪ ಹಳದಿಯಾಗಿ ಮಿನುಗದೇ ನಿಂತಿರೋದು ಶನಿನೇ. ಗುರು ವರ್ಷಕ್ಕೊಂದು ರಾಶಿ, 12 ವರ್ಷಕ್ಕೆ ಒಂದು ಸುತ್ತು. 2026ರ ಜನವರಿಯಲ್ಲಿ ಗುರು ಮಿಥುನದಲ್ಲಿ ಪುನರ್ವಸುವಿನ ಜೋಡಿ ನಕ್ಷತ್ರಗಳ ಹತ್ರನೇ ಇತ್ತು, ಎರಡಕ್ಕಿಂತಲೂ ಎಷ್ಟೋ ಪಟ್ಟು ಹೆಚ್ಚು ಹೊಳಪು.

ಇಲ್ಲಿ ಪೇಪರಿನ ಇಂಗ್ಲಿಷ್ ಸನ್ ಸೈನ್ ನೆಚ್ಕೊಂಡ್ರೆ ಕೆಲಸ ಕೆಡತ್ತೆ. ಅವರ ಲೆಕ್ಕದಲ್ಲಿ ಸೂರ್ಯ ಸಿಂಹಕ್ಕೆ ಬರೋದು ಜುಲೈ 23ರ ಸುಮಾರಿಗೆ, ನಮ್ಮಲ್ಲಿ ಸಿಂಹ ಸಂಕ್ರಮಣ ಆಗಸ್ಟ್ 17ರ ಸುಮಾರಿಗೆ. ಅವರು ಋತುವಿಗೆ ಕಟ್ಟಿಹಾಕಿದ್ದಾರೆ, ನಮ್ಮೋರು ನಕ್ಷತ್ರಕ್ಕೆ. ಭೂಮಿಯ ಅಕ್ಷ ನಿಧಾನಕ್ಕೆ ತಿರುಗೋದ್ರಿಂದ ಎರಡರ ನಡುವೆ 72 ವರ್ಷಕ್ಕೆ 1 ಡಿಗ್ರಿ ಅಂತರ ಬೆಳೆದು ಈಗ 24 ಡಿಗ್ರಿ ಆಗಿದೆ. ಸಂಕ್ರಾಂತಿಗೆ ಉತ್ತರಾಯಣ ಶುರು ಅಂತೀವಿ, ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗೋದು ಡಿಸೆಂಬರ್ 21-22ಕ್ಕೆ, ಅದೂ ಇದೇ ಕಾರಣಕ್ಕೆ. ಋತು ತಿಳ್ಕೊಳ್ಳೋಕೆ ಅವರ ಲೆಕ್ಕ ಸರಿ, ನಕ್ಷತ್ರ ಹುಡುಕೋಕೆ ನಮ್ದು.

ಶುಕ್ರ ಸೂರ್ಯನಿಂದ 47 ಡಿಗ್ರಿಗಿಂತ ದೂರ ಹೋಗಲ್ಲ, ಸಂಜೆ ಪಶ್ಚಿಮ ಇಲ್ಲಾ ಬೆಳಗಿನ ಜಾವ ಪೂರ್ವ, ಮಧ್ಯರಾತ್ರಿ ನೆತ್ತಿ ಮೇಲೆ ಶುಕ್ರ ಕಂಡೆ ಅಂತ ಯಾರಾದ್ರೂ ಅಂದ್ರೆ ಅದು ಬಹುಶಃ ಗುರು. ಬುಧ 28 ಡಿಗ್ರಿ ದಾಟಲ್ಲ, ದಿಗಂತ ಬಯಲಾಗಿದ್ರೆ ಮಾತ್ರ ಸಿಗತ್ತೆ. ಗ್ರಹ ಮಿನುಗಲ್ಲ ಅನ್ನೋದು ಬಹುಪಾಲು ನಿಜ, ನಕ್ಷತ್ರ ಬರೀ ಒಂದು ಚುಕ್ಕೆ ಆದ್ರಿಂದ ಗಾಳಿಯ ಅಲುಗಾಟಕ್ಕೆ ಅದರ ಬೆಳಕು ಪೂರ್ತಿ ಹೊಯ್ದಾಡತ್ತೆ, ಗ್ರಹಕ್ಕೆ ಚಿಕ್ಕದಾದ್ರೂ ಒಂದು ಅಗಲ ಇದೆ. ಲುಬ್ಧಕ ಅಂದ್ರೆ ಸಿರಿಯಸ್ ದಿಗಂತದ ಹತ್ರ ಇದ್ದಾಗ ಕೆಂಪು ನೀಲಿ ಹಸಿರು ಅಂತ ಬಣ್ಣ ಬಣ್ಣ ಹೊಡೆಯತ್ತೆ, ಡ್ರೋನ್ ಅಂತ ವಿಡಿಯೋ ಹಾಕೋರೂ ಇದಾರೆ.

ಚಂದ್ರನ ದಾರಿ ಬಿಟ್ಟು ಆಚೆ ಹೋದ್ರೆ ಊರಿನ ಅಕ್ಷಾಂಶ ಮುಖ್ಯ ಆಗತ್ತೆ. ಧ್ರುವ ನಕ್ಷತ್ರ ನಿಮ್ಮೂರಿನ ಅಕ್ಷಾಂಶದಷ್ಟೇ ಎತ್ತರದಲ್ಲಿರತ್ತೆ. ಬೆಂಗಳೂರು ಮಂಗಳೂರಲ್ಲಿ 13 ಡಿಗ್ರಿ, ಉತ್ತರ ದಿಗಂತದಿಂದ ಬರೀ ಒಂದು ಮುಷ್ಟಿ ಮತ್ತೆ ಸ್ವಲ್ಪ, ಪಕ್ಕದ ಅಪಾರ್ಟ್‌ಮೆಂಟ್ ಅಡ್ಡ ಬಂದ್ರೆ ಮುಗೀತು. ಬೀದರಲ್ಲಿ 18ರ ಹತ್ರ. ಅದು ಆಕಾಶದ ಅತಿ ಪ್ರಕಾಶಮಾನ ನಕ್ಷತ್ರ ಅನ್ನೋದು ತಪ್ಪು ಕಲ್ಪನೆ, ಸಾಧಾರಣ ಹೊಳಪಿಂದು. ಸಪ್ತರ್ಷಿ ಮಂಡಲದ ಚೌಕದ ಹೊರಗಡೆ ಅಂಚಿನ ಎರಡು ನಕ್ಷತ್ರ ಪುಲಹ, ಕ್ರತು, ಅವುಗಳ ನಡುವಿನ ಅಂತರನ ಅದೇ ನೇರದಲ್ಲಿ ಐದು ಪಟ್ಟು ಮುಂದುವರಿಸಿದ್ರೆ ಧ್ರುವ. ಇಂಗ್ಲಿಷ್ ಪುಸ್ತಕಗಳಲ್ಲಿ ಸಪ್ತರ್ಷಿ ವರ್ಷವಿಡೀ ಕಾಣತ್ತೆ ಅಂತ ಇರತ್ತೆ, ಅದು ಲಂಡನ್ನಿಗೆ ಸರಿ. ನಮ್ಮಲ್ಲಿ ಅದು ಹುಟ್ಟಿ ಮುಳುಗತ್ತೆ, ಸಂಜೆ ಹೊತ್ತು ಚೆನ್ನಾಗಿ ಸಿಗೋದು ಮಾರ್ಚಿಂದ ಜೂನ್. ಅದರ ಬಾಲದ ಬಾಗು ಹಿಡಿದು ಮುಂದೆ ಹೋದ್ರೆ ಆಗ್ಲೇ ಸಿಗದೇ ಹೋದ ಸ್ವಾತಿ ಸಿಗತ್ತೆ, ಇನ್ನೂ ಮುಂದೆ ಹೋದ್ರೆ ಚಿತ್ತಾ. ಬಾಲದ ನಡುವಿನ ವಸಿಷ್ಠನಿಗೆ ಅಂಟಿಕೊಂಡ ಹಾಗಿರೋ ಸಣ್ಣದು ಅರುಂಧತಿ, ಮದುವೇಲಿ ಮಟಮಟ ಮಧ್ಯಾಹ್ನ ಛತ್ರದ ಫ್ಯಾನ್ ಕಡೆ ಬೆರಳು ಮಾಡಿ ತೋರಿಸ್ತಾರಲ್ಲ, ಅದು.

ನಮಗೆ ದಕ್ಷಿಣ ಆಕಾಶದಲ್ಲಿ ಸಿಗೋ ಲಾಭ ಇದೆಯಲ್ಲ, ಅದನ್ನ ಯಾರೂ ಹೇಳಲ್ಲ. ಫೆಬ್ರವರಿಯಲ್ಲಿ ರಾತ್ರಿ 9ಕ್ಕೆ ಲುಬ್ಧಕ ನೋಡಿ, ಅದರ ನೇರ ಕೆಳಗೆ ದಕ್ಷಿಣಕ್ಕೆ ಮೂರೂವರೆ ಮುಷ್ಟಿ ಇಳಿದ್ರೆ ಅಗಸ್ತ್ಯ, ರಾತ್ರಿ ಆಕಾಶದ ಎರಡನೇ ಅತಿ ಪ್ರಕಾಶಮಾನ ನಕ್ಷತ್ರ. ಬೆಂಗಳೂರಲ್ಲಿ 24 ಡಿಗ್ರಿ ಎತ್ತರಕ್ಕೆ ಏರತ್ತೆ, ದೆಹಲೀಲಿ 9 ಡಿಗ್ರಿನೂ ಇಲ್ಲ, ಲಂಡನ್ನಲ್ಲಿ ಹುಟ್ಟೋದೇ ಇಲ್ಲ. ಮೇ ತಿಂಗಳಲ್ಲಿ 9 ಗಂಟೆಗೆ ಉತ್ತರಕ್ಕೆ ತಿರುಗಿದ್ರೆ ಸಪ್ತರ್ಷಿ, ದಕ್ಷಿಣಕ್ಕೆ ತಿರುಗಿದ್ರೆ ತ್ರಿಶಂಕು, ಅಂದ್ರೆ ಸದರ್ನ್ ಕ್ರಾಸ್, ಎರಡೂ ಒಟ್ಟಿಗೆ. ಲಂಡನ್ನವರಿಗೆ ಮೊದಲನೇದು ಮಾತ್ರ, ಸಿಡ್ನಿಯವರಿಗೆ ಸಪ್ತರ್ಷಿ ಪೂರ್ತಿ ಸಿಗಲ್ಲ. ತ್ರಿಶಂಕು ಹುಡುಕೋಕೆ ಚಿತ್ತಾ ಪಕ್ಕದ ಹಸ್ತಾ ಅನ್ನೋ ಓರೆ ಚೌಕ ದಕ್ಷಿಣದಲ್ಲಿ ಅತಿ ಎತ್ತರಕ್ಕೆ ಬರೋವರೆಗೆ ಕಾದು ಅಲ್ಲಿಂದ ನೇರ ಕೆಳಗೆ ನಾಲ್ಕು ಮುಷ್ಟಿ ಅಳೆಯಿರಿ. ದಿಗಂತದ ಧೂಳು, ಊರಿನ ಬೆಳಕು ಇದ್ರೆ ಕಷ್ಟ, ದಕ್ಷಿಣಕ್ಕೆ ಸಮುದ್ರನೋ ಕೆರೆನೋ ಬಯಲೋ ಇರೋ ಜಾಗ ಬೇಕು.

ಕಣ್ಣು ಕತ್ತಲಿಗೆ ಹೊಂದ್ಕೊಳ್ಳೋಕೆ 20ರಿಂದ 30 ನಿಮಿಷ ಬೇಕು, ನಡುವೆ ಒಂದ್ಸಲ ಮೊಬೈಲ್ ನೋಡಿದ್ರೆ ಮತ್ತೆ ಮೊದಲಿಂದ. ಮಂಕಾಗಿರೋದನ್ನ ನೇರ ನೋಡ್ಬೇಡಿ, ಸ್ವಲ್ಪ ಪಕ್ಕಕ್ಕೆ ದೃಷ್ಟಿ ಇಟ್ರೆ ಚೆನ್ನಾಗಿ ಕಾಣತ್ತೆ, ಕಣ್ಣಿನ ನಡುಭಾಗ ಬಣ್ಣಕ್ಕೆ ಚುರುಕು, ಮಂದ ಬೆಳಕಿಗೆ ಅಂಚೇ ಚುರುಕು. ಆ್ಯಪ್ ಬೇಕೇ ಬೇಕು ಅಂದ್ರೆ ಸ್ಟೆಲೇರಿಯಂ ಒಳ್ಳೇದು, ಆದ್ರೆ ಕಬ್ಬಿಣದ ರೇಲಿಂಗ್ ಅಥವಾ ಕಾರ್ ಪಕ್ಕ ನಿಂತ್ರೆ ಮೊಬೈಲಿನ ದಿಕ್ಸೂಚಿ ಕೆಟ್ಟು ಬೇರೆ ನಕ್ಷತ್ರದ ಹೆಸರು ತೋರಿಸತ್ತೆ. ಮಿಣುಕದೇ ಒಂದೇ ವೇಗದಲ್ಲಿ ನಾಲ್ಕೈದು ನಿಮಿಷದಲ್ಲಿ ಆಕಾಶ ದಾಟೋ ದೊಡ್ಡ ಬೆಳಕು ಕಂಡ್ರೆ ಬಹುಶಃ 400 ಕಿಲೋಮೀಟರ್ ಮೇಲಿರೋ ಬಾಹ್ಯಾಕಾಶ ನಿಲ್ದಾಣ. ಉಲ್ಕೆ ಮಳೆ ಅಂತ ಆಗಸ್ಟಿನ ಪರ್ಸೀಡ್ಸ್ ಬಗ್ಗೆ ಪ್ರತಿ ವರ್ಷ ಸುದ್ದಿ ಬರತ್ತೆ, ನಮ್ಮಲ್ಲಿ ಆಗ ನಿಜವಾದ ಮಳೆ. ಡಿಸೆಂಬರ್ 13-14ರ ಜೆಮಿನಿಡ್ಸ್ ನಮಗೆ ಹೇಳಿ ಮಾಡಿಸಿದ್ದು.

ಬರಿಗಣ್ಣಲ್ಲಿ ಹೊಸದೇನೂ ಸಿಗಲ್ಲ ಅನ್ನೋರಿಗೆ ಒಂದು ವಿಷಯ. 2019ರ ಕೊನೆಗೆ ಮಹಾವ್ಯಾಧನ ಭುಜದ ಕೆಂಪು ನಕ್ಷತ್ರ ಆರ್ದ್ರಾ, ಅಂದ್ರೆ ಬೀಟಲ್‌ಜ್ಯೂಸ್, ಮಂಕಾಗೋಕೆ ಶುರುವಾಗಿ 2020ರ ಫೆಬ್ರವರಿ ಹೊತ್ತಿಗೆ ಇನ್ನೊಂದು ಭುಜದ ಬೆಲಾಟ್ರಿಕ್ಸ್‌ನಷ್ಟಕ್ಕೆ ಇಳೀತು. ಸಿಡಿಯತ್ತೆ ಅಂತ ಗುಲ್ಲೆದ್ದಿತ್ತು, ಕೊನೆಗೆ ನಕ್ಷತ್ರ ಉಗುಳಿದ ಅನಿಲ ತಣ್ಣಗಾಗಿ ಧೂಳಾಗಿ ಅಡ್ಡ ನಿಂತಿದ್ದು ಅಂತ ಗೊತ್ತಾಯ್ತು. ಅದನ್ನ ದಿನಾ ನೋಡೋರಿಗೆ ಆ ವ್ಯತ್ಯಾಸ ಬರಿಗಣ್ಣಿಗೇ ಎದ್ದು ಕಾಣ್ತಿತ್ತು. ಅದರ ಹೊಳಪು ಈಗ್ಲೂ ಏರಿಳಿತಾ ಇರತ್ತೆ, ನೀವೂ ಗಮನಿಸ್ಬೋದು: ಸಾಮಾನ್ಯವಾಗಿ ಆರ್ದ್ರಾ ರೋಹಿಣಿಗಿಂತ ಒಂಚೂರು ಜಾಸ್ತಿ ಹೊಳೆಯತ್ತೆ, ಎರಡೂ ಸಮ ಅನ್ಸಿದ್ರೆ ಅಥವಾ ರೋಹಿಣಿನೇ ಮೇಲುಗೈ ಅನ್ಸಿದ್ರೆ ತಾರೀಕು ಹಾಕಿ ಬರೆದಿಡಿ. ಹೋಲಿಸೋದು ಮಾತ್ರ ಎರಡೂ ದಿಗಂತದಿಂದ ಚೆನ್ನಾಗಿ ಮೇಲೆ, ಹೆಚ್ಚುಕಮ್ಮಿ ಒಂದೇ ಎತ್ತರದಲ್ಲಿ ಇರುವಾಗ, ಇಲ್ಲಾಂದ್ರೆ ಕೆಳಗಿರೋದು ಗಾಳಿಯ ದಪ್ಪ ಪದರದಲ್ಲಿ ಬೆಳಕು ಕಳ್ಕೊಂಡು ಸುಮ್ನೆ ಮಂಕಾಗಿ ಕಾಣತ್ತೆ.